ಬೇರೊಡೆದ ಕಡ್ಡಿಗೆ ಮಿಸ್ಟೋ, ಪ್ಲಾಸ್ಟಿಕ್ ಹೊದಿಕೆಯೋ?

ಹೊಸ ಗಿಡಕ್ಕೆಂದು ನೆಟ್ಟ ಕಡ್ಡಿ ಬೇರು ಬಿಟ್ಟಿತು ಎಂದು ನಿರಾಳವಾಗುವ ಹೊತ್ತಿಗೇ ಅಪಾಯ ಶುರು. ಬೇರು ಎರಡೇ ಸೆಂಟಿಮೀಟರ್, ಎಲೆ ಮಾತ್ರ ಪೂರ್ತಿ ಗಾತ್ರದ್ದು. ಬಿಸಿ ಹಸಿರುಮನೆಯಲ್ಲಿ ಎಲೆಯಿಂದ ಆರಿಹೋಗುವಷ್ಟು ನೀರನ್ನು ಆ ಬೇರು ಎಳೆದುಕೊಡಲಾರದು.

ಪ್ಲಾಸ್ಟಿಕ್ ಹೊದಿಕೆ ಅಗ್ಗ, ಕರೆಂಟು ಬೇಡ, ತೇವ ಹಿಡಿದಿಡುತ್ತದೆ. ಕಷ್ಟವೆಂದರೆ ಶಾಖವನ್ನೂ ಹಿಡಿದಿಡುತ್ತದೆ. ಹೊರಗೆ 35 ಡಿಗ್ರಿ ಇದ್ದರೆ, ಬಿಸಿಲು ಬಿದ್ದ ಹೊದಿಕೆಯೊಳಗೆ 40 ದಾಟುವುದು ದೊಡ್ಡ ಮಾತಲ್ಲ. ಒಂದು ಮಧ್ಯಾಹ್ನ ನಾನು ಹೊದಿಕೆ ಎತ್ತಿದಾಗ ದಾಸವಾಳದ ಎಲೆಗಳೆಲ್ಲ ಬೆಂದ ಸೊಪ್ಪಿನಂತೆ ಜೋತುಬಿದ್ದಿದ್ದವು.

ಮಿಸ್ಟ್ ಅಂದರೆ ಸಣ್ಣ ತೂತಿನ ನಾಜಲ್ಲಿನಿಂದ ಮಂಜಿನಂತೆ ಚಿಮುಕಿಸುವ ನೀರು; ಅದರ ಹನಿ ಆವಿಯಾಗುತ್ತಾ ಎಲೆಯನ್ನು ತಂಪಾಗಿಸುತ್ತದೆ. ಬಿಸಿ ಜಾಗಕ್ಕೆ ಇದೇ ಮೇಲು ಅಂತ ನನ್ನ ಲೆಕ್ಕ. ಆದರೆ ಬೇರು ಬಂದ ಮೇಲೂ ಮೊದಲಿನಷ್ಟೇ ಚಿಮುಕಿಸಿದರೆ ಕಡ್ಡಿ ನೆಟ್ಟ ಕೋಕೋಪೀಟ್ (ತೆಂಗಿನ ನಾರಿನ ಪುಡಿ) ಕೆಸರಾಗಿ, ಗಾಳಿಯಿಲ್ಲದೆ ಬಿಳಿ ಬೇರು ಕಂದು ತಿರುಗಿ ಕೊಳೆಯುತ್ತದೆ. ಎಲೆಯ ಪೋಷಕಾಂಶವೂ ತೊಳೆದುಹೋಗುತ್ತದೆ. ಮೊದಲು ರಾತ್ರಿಯ ಮಿಸ್ಟ್ ನಿಲ್ಲಿಸಿ, ಆಮೇಲೆ ಬೆಳಿಗ್ಗೆ ಸಂಜೆಯದ್ದು, ಕೊನೆಗೆ ನಡು ಮಧ್ಯಾಹ್ನದ್ದು. ಹೀಗೆ ಏಳೆಂಟು ದಿನ ತೆಗೆದುಕೊಳ್ಳಿ. ನಾಜಲ್ ಕಟ್ಟಿಕೊಳ್ಳುವ ಕಾಟ ಬೇರೆ ಇದೆ; ಗಡಸು ನೀರಾದರಂತೂ ಕೇಳಲೇಬೇಡಿ.

ಯಾವುದನ್ನೇ ಆರಿಸಿ, ಮೇಲೊಂದು 50% ಶೇಡ್ ನೆಟ್ (ಅರ್ಧ ಬಿಸಿಲು ತಡೆಯುವ ನೆರಳು ಬಲೆ) ಇರಲೇಬೇಕು.

ಹತ್ತಿಪ್ಪತ್ತು ಕಡ್ಡಿಯಷ್ಟೇ ಇದ್ದರೆ ಮಿಸ್ಟ್ ಜೋಡಿಸುವ ಗೋಜು ಬೇಡ. ನೆರಳಲ್ಲಿಟ್ಟ ಹೊದಿಕೆ ಸಾಕು, ಅಂಚನ್ನು ದಿನಕ್ಕೆ ಸ್ವಲ್ಪ ಸ್ವಲ್ಪ ಮೇಲೆತ್ತುತ್ತಾ ಬನ್ನಿ. ನೂರಾರು ಇದ್ದರೆ ಮಿಸ್ಟೇ ಸರಿ. ಕಳ್ಳಿ ಜಾತಿಗೆ ಮಾತ್ರ ಎರಡೂ ಬೇಡ, ಕೊಳೆತೇ ಹೋಗುತ್ತವೆ.