ದಪ್ಪ ಪುಸ್ತಕ, ತೆಳು ಪುಸ್ತಕ, ಫೋನು, ಆಡಿಯೊ: ಆಗುಂಬೆ ಕಡೆಯ ಎರಡು ರಾತ್ರಿಗೆ ಯಾವುದು ಒದಗಿತು?

ದಸರಾ ರಜೆಯಲ್ಲಿ ಎರಡು ರಾತ್ರಿ ಆಗುಂಬೆ ಕಡೆ ಹೋಗಿ ಬಂದೆವು. ನಾನು, ಇವರು, ಒಂಬತ್ತು ವರ್ಷದ ಮಗಳು, ಅತ್ತೆ. ಶಿವಮೊಗ್ಗದಿಂದ ದೂರವೇನಲ್ಲ, ತೀರ್ಥಹಳ್ಳಿಗೆ 60 ಕಿಲೋಮೀಟರ್ ಚಿಲ್ಲರೆ, ಅಲ್ಲಿಂದ ಮುಂದೆ ಇನ್ನೊಂದು ಗಂಟೆ. ನನಗೆ ಇಂಥ ಪ್ರವಾಸ ಅಂದರೆ ಅರ್ಧ ಆಸೆ ಓದುವುದರದ್ದೇ. ಮನೆಯಲ್ಲಿ ಪುಸ್ತಕ ಹಿಡಿದರೆ ಕುಕ್ಕರ್ ಕೂಗುತ್ತದೆ, ಇಲ್ಲವಾದರೆ ಗ್ಯಾಸಿನವರು ಬರುತ್ತಾರೆ. ಆದರೆ ಪ್ರತಿ ಸಲ ಆಗುವುದು ಒಂದೇ: ಬ್ಯಾಗಿಗೆ ಹಾಕಿದ ಪುಸ್ತಕ ಹೋದ ಹಾಗೇ ವಾಪಸ್ ಬರುತ್ತದೆ. ತಪ್ಪು ನನ್ನದಾ, ಪುಸ್ತಕದ್ದಾ ಅಂತ ನೋಡಿಯೇ ಬಿಡೋಣ ಅನ್ನಿಸಿ ಈ ಸಲ ನಾಲ್ಕು ಬಗೆ ಒಯ್ದೆ. ಒಂದು ದಪ್ಪ ಕಾದಂಬರಿ, ಒಂದು ತೆಳು ಕಾದಂಬರಿ, ಫೋನಿನಲ್ಲಿ ಎರಡು ಇ-ಪುಸ್ತಕ, ಜೊತೆಗೆ ಕೇಳಲು ಒಂದಷ್ಟು ಕತೆಗಳ ಆಡಿಯೊ.

ದಪ್ಪದ್ದು ಕುವೆಂಪು ಅವರ ‘ಮಲೆಗಳಲ್ಲಿ ಮದುಮಗಳು’. 1967ರಲ್ಲಿ ಬಂದ ಕಾದಂಬರಿ. ಕಾಲೇಜಿನಲ್ಲಿದ್ದಾಗ ಒಮ್ಮೆ ಓದಿದ್ದೆ, ಅದು ನಡೆಯುವ ಊರುಗಳ ಮಧ್ಯದಲ್ಲೇ ಕೂತು ಮತ್ತೆ ಓದಬೇಕು ಅಂತ ಎಷ್ಟೋ ವರ್ಷದ ಆಸೆ. ಕಾರು ಗಾಜನೂರು ದಾಟುವಷ್ಟರಲ್ಲಿ ತೊಡೆಯ ಮೇಲೆ ತೆರೆದಿಟ್ಟುಕೊಂಡೆ. ಸಕ್ರೆಬೈಲು ಕಳೆಯುವಾಗ ತಲೆ ಭಾರ, ಮಂಡಗದ್ದೆ ಬರುವಷ್ಟರಲ್ಲಿ ಹೊಟ್ಟೆ ತೊಳಸಿ ಕಾರು ನಿಲ್ಲಿಸಲೇಬೇಕಾಯಿತು. ಕಣ್ಣು ಅಲುಗಾಡದ ಪುಟ ನೋಡುತ್ತಿರುತ್ತದೆ, ಒಳಗಿವಿ ಮಾತ್ರ ರಸ್ತೆಯ ಒಂದೊಂದು ತಿರುವನ್ನೂ ಮಿದುಳಿಗೆ ಹೇಳುತ್ತಿರುತ್ತದೆ. ಈ ಎರಡೂ ತಾಳೆಯಾಗದೆ ಇದ್ದರೆ ವಾಂತಿ ಬಂದ ಹಾಗಾಗುತ್ತದೆ. ಫೋನಿನಲ್ಲಿ ಓದಿದರೂ ಅದೇ ಕತೆ. ಹಾಗಾಗಿ ಕಾರಿನ ಮಟ್ಟಿಗೆ ಮೂರು ಬಗೆ ಅಲ್ಲೇ ಸೋತವು. ಮಂಡಗದ್ದೆಯಲ್ಲಿ ತುಂಗೆಯ ನಡುಗಡ್ಡೆ ನೋಡುತ್ತಾ ಹತ್ತು ನಿಮಿಷ ಗಾಳಿ ಕುಡಿದೆ. ಮಳೆಗಾಲದಲ್ಲಿ ಗೂಡು ಕಟ್ಟುವ ಹಕ್ಕಿಗಳು ಆಗಲೇ ಮುಕ್ಕಾಲು ಹೊರಟುಹೋಗಿದ್ದವು.

ಅಲ್ಲಿಂದ ಮುಂದೆ ಆಡಿಯೊ ಹಾಕಿದೆವು, ಕಾರಿನ ಸ್ಪೀಕರಿನಲ್ಲಿ. ಇದು ಇಷ್ಟು ಚೆನ್ನಾಗಿ ಕೂಡಿಬರುತ್ತದೆ ಅಂತ ನಾನು ಅಂದುಕೊಂಡಿರಲಿಲ್ಲ. ಅತ್ತೆಗೆ ಎರಡು ವರ್ಷದ ಹಿಂದೆ ಪೊರೆಯ ಆಪರೇಷನ್ ಆಗಿದೆ, ಸಣ್ಣ ಅಕ್ಷರ ಹತ್ತು ನಿಮಿಷ ನೋಡಿದರೆ ಕಣ್ಣಲ್ಲಿ ನೀರು. ಮೊದಲು ವಾರಪತ್ರಿಕೆ ಬಂದರೆ ಮನೆಯಲ್ಲಿ ಅವರದ್ದೇ ಮೊದಲ ಸರದಿ. ಈಗ ಅವರು ಓದುವುದನ್ನೇ ಬಿಟ್ಟಿದ್ದಾರೆ, ನಾವು ಯಾರೂ ಅದನ್ನು ಸರಿಯಾಗಿ ಗಮನಿಸಿರಲೂ ಇಲ್ಲ. ಕತೆ ಶುರುವಾದ ಮೇಲೆ ಅವರು ಮುಂದಿನ ಸೀಟಿನಲ್ಲಿ ನೆಟ್ಟಗೆ ಕೂತರು. ಒಂದು ಕಡೆ ‘ಹಕ್ಕಲು’ ಅನ್ನುವ ಮಾತು ಬಂತು, ಮಗಳು ಹಾಗಂದ್ರೇನು ಅಂದಳು, ಅತ್ತೆ ಕತೆಯನ್ನೇ ನಿಲ್ಲಿಸಲು ಹೇಳಿದರು. “ಹಕ್ಲು ಅಂದ್ರೆ ಪೂರ್ತಿ ಕಾಡೂ ಅಲ್ಲ, ಗದ್ದೆನೂ ಅಲ್ಲ ಪುಟ್ಟಿ. ನಾವು ದನ ಮೇಯಿಸಕ್ಕೆ ಹೋಗ್ತಿದ್ವಲ್ಲ, ಆ ಜಾಗ.” ಆಮೇಲೆ ತೀರ್ಥಹಳ್ಳಿ ಬರುವವರೆಗೂ ಅವರದ್ದೇ ಕತೆ. ನೆಲ್ಲಿಕಾಯಿ, ಕೌಳಿಹಣ್ಣು, ಕಳೆದುಹೋದ ಎಮ್ಮೆ. ಆಡಿಯೊ ಮತ್ತೆ ಶುರುವಾಗಿದ್ದು ಊಟ ಮುಗಿದ ಮೇಲೇ.

ಆದರೆ ಹೋಂಸ್ಟೇ ತಲುಪಿದ ಮೇಲೆ ಅದೇ ಆಡಿಯೊ ನನಗೆ ಹಿಡಿಸಲಿಲ್ಲ. ಜಗುಲಿಯಲ್ಲಿ ಇಯರ್‌ಫೋನ್ ಹಾಕಿ ಕೂತೆ. ಹೆಂಚಿನ ಮೇಲೆ ಮಳೆ ಶುರುವಾಗಿದ್ದು ಗೊತ್ತಾಗಲಿಲ್ಲ, ಇವರು ಕಾಫಿಗೆ ಕರೆದಿದ್ದೂ ಕೇಳಲಿಲ್ಲ. ಅಷ್ಟು ದೂರ ಹೋಗಿದ್ದೇ ಆ ಸದ್ದುಗಳಿಗೆ, ಅಲ್ವಾ? ಇನ್ನೊಂದು ತೊಂದರೆ, ಒಂದು ಚಂದದ ಸಾಲು ಬಂದರೆ ಹಿಂದಕ್ಕೆ ಹೋಗಿ ಅದನ್ನೇ ಮತ್ತೆ ಹಿಡಿಯುವುದು ಕಷ್ಟ. ಹದಿನೈದು ಸೆಕೆಂಡು ಹಿಂದೆ ಅಂದರೆ ಎಲ್ಲಿಗೋ ಹೋಗಿ ನಿಲ್ಲುತ್ತದೆ.

ಫೋನಿನ ವಿಷಯಕ್ಕೆ ಬರುತ್ತೇನೆ. ಇ-ಪುಸ್ತಕ ಓದುವುದಕ್ಕೇ ಇರುವ ಕಿಂಡಲ್ ಯಾಕೆ ಒಯ್ಯಲಿಲ್ಲ ಅಂತ ಕೇಳಬಹುದು. 2016ರಲ್ಲಿ ಕಿಂಡಲ್‌ಗೆ ಐದು ಭಾರತೀಯ ಭಾಷೆಗಳ ಪುಸ್ತಕಗಳು ಬಂದಾಗ ಹಿಂದಿ, ತಮಿಳು, ಮರಾಠಿ, ಗುಜರಾತಿ, ಮಲಯಾಳಂ ಇದ್ದವು, ಕನ್ನಡ ಇರಲಿಲ್ಲ. ನನಗೆ ಬೇಜಾರಾಗಿ ಆಗಲೇ ಆ ಆಸೆ ಬಿಟ್ಟೆ. ನಮ್ಮವರೇ ಮಾಡಿರುವ ಆಪ್‌ಗಳಲ್ಲಿ ಈಗ ಬೇಕಾದಷ್ಟು ಕನ್ನಡ ಇ-ಪುಸ್ತಕ ಸಿಗುತ್ತವೆ, ಅದು ದೊಡ್ಡ ವಿಷಯ. ನಾನು ಒಂದು ಪುಸ್ತಕವನ್ನು ದುಡ್ಡು ಕೊಟ್ಟು ಕೊಂಡಿದ್ದೆ, ಇನ್ನೊಂದು ಯಾರೋ ಕಳಿಸಿದ್ದ ಪಿಡಿಎಫ್. ಮೇಗರವಳ್ಳಿ ದಾಟಿದ ಮೇಲೆ ನಮ್ಮ ಸಿಮ್‌ಗೆ ನೆಟ್‌ವರ್ಕ್ ಇಲ್ಲ. ರಾತ್ರಿ ಆಪ್ ತೆರೆದರೆ ಮತ್ತೆ ಲಾಗಿನ್ ಆಗಿ, ಓಟಿಪಿ ಹಾಕಿ ಅಂತು. ಓಟಿಪಿ ಬರುವುದಾದರೂ ಎಲ್ಲಿಂದ? ಕೊಂಡ ಪುಸ್ತಕ ಕೈಯಲ್ಲೇ ಇದ್ದೂ ಬೀಗ ಹಾಕಿದ ಹಾಗಿತ್ತು. ಡೌನ್‌ಲೋಡ್ ಮಾಡಿದರೆ ಸಾಲದು, ಹೊರಡುವ ಹಿಂದಿನ ದಿನ ಫೋನನ್ನು ಏರೋಪ್ಲೇನ್ ಮೋಡಿಗೆ ಹಾಕಿ ಪುಸ್ತಕ ತೆರೆಯುತ್ತದಾ ಅಂತ ನೋಡಿಕೊಳ್ಳಿ. ಪಿಡಿಎಫ್ ಏನೋ ತೆರೆಯಿತು. ಆದರೆ ಅಕ್ಷರ ದೊಡ್ಡದು ಮಾಡಿದರೆ ಸಾಲು ಪರದೆಯಿಂದ ಆಚೆ ಹೋಗುತ್ತದೆ, ಪ್ರತಿ ಸಾಲಿಗೂ ಪುಟವನ್ನು ಎಡಕ್ಕೆ ಬಲಕ್ಕೆ ಎಳೆಯುತ್ತಾ ಇರಬೇಕು. ಇ-ಪಬ್ ಅನ್ನುವ ಇನ್ನೊಂದು ಬಗೆಯ ಫೈಲ್ ಆದರೆ ಅಕ್ಷರ ದೊಡ್ಡದಾದರೂ ಸಾಲು ತಾನೇ ಮಡಚಿಕೊಳ್ಳುತ್ತದೆ. ಕೊಳ್ಳುವುದಾದರೆ ಅದನ್ನೇ ಕೊಳ್ಳಿ. ಕರೆಂಟು ಹೋದಾಗ ಫೋನಿಗೆ ತನ್ನದೇ ಬೆಳಕು ಇರುತ್ತದೆ ಅನ್ನುವುದೊಂದು ಅನುಕೂಲ, ಒಪ್ಪುತ್ತೇನೆ. ಹಾತೆಗಳು ಮುಖಕ್ಕೇ ಮುತ್ತಿದ ಮೇಲೆ ಅದೂ ಸಾಕಾಯಿತು.

ಇನ್ನು ಉಳಿದಿದ್ದು ಎರಡು ಕಾಗದದ ಪುಸ್ತಕಗಳು. ನಿಜವಾದ ಪೈಪೋಟಿ ಇದ್ದಿದ್ದು ಇವೆರಡರ ಮಧ್ಯೆಯೇ.

‘ಮದುಮಗಳು’ ಎರಡು ದಿನದಲ್ಲಿ ನಾನು ಓದಿದ್ದು ಇಪ್ಪತ್ತೆರಡು ಪುಟ. ಅದರಲ್ಲಿ ಒಬ್ಬರ ಹಿಂದೆ ಒಬ್ಬರು, ಒಂದು ಮನೆಯ ಹಿಂದೆ ಇನ್ನೊಂದು ಮನೆ, ಕಾಡಿನ ದಾರಿಯ ಹಾಗೆ ಕವಲು ಒಡೆಯುತ್ತಾ ಹೋಗುತ್ತದೆ. ಆ ದಾರಿ ಹಿಡಿದವರನ್ನು ಯಾರೂ ಕರೆಯಬಾರದು. ನಮ್ಮಲ್ಲಿ ಹತ್ತು ನಿಮಿಷಕ್ಕೊಮ್ಮೆ ಬಿಸಿನೀರು ಆಯ್ತು, ಕಡುಬು ಆರುತ್ತೆ, ಅಮ್ಮ ಇಂಬಳ! ಇಂಬಳ ಅಂದರೆ ನಮ್ಮ ಕಡೆಯ ಜಿಗಣೆ, ಅದನ್ನು ಕಿತ್ತು ಉಪ್ಪು ಹಾಕಿ ಬಂದು ಕೂತರೆ ಯಾರು ಯಾರ ಮನೆಯ ಆಳು ಅನ್ನುವುದೇ ಮರೆತುಹೋಗಿರುತ್ತಿತ್ತು. ಎರಡನೇ ದಿನ ಕುವೆಂಪು ಅವರ ಊರು ಕುಪ್ಪಳಿಗೆ ಹೋದಾಗ ಆ ಭಾರದ ಪುಸ್ತಕವನ್ನು ಕವಿಶೈಲದವರೆಗೂ ಹೊತ್ತುಕೊಂಡು ಹೋದೆ. ಬಂಡೆಯ ಮೇಲೆ ಕೂತು ತೆರೆದೆ, ಎದುರಿಗೆ ಬೆಟ್ಟದ ಸಾಲಿನ ಮೇಲೆ ಮಂಜು ಸರಿಯುತ್ತಿತ್ತು, ಅರ್ಧ ಪುಟವೂ ಓದಲಾಗಲಿಲ್ಲ. ಅವರು ಬರೆದಿದ್ದೇ ಕಣ್ಣ ಮುಂದೆ ಇರುವಾಗ ಪುಟ ನೋಡಲು ಮನಸ್ಸೇ ಬರಲಿಲ್ಲ.

ತೆಳುವಾದದ್ದು ತೇಜಸ್ವಿ ಅವರ ‘ಕರ್ವಾಲೊ’, 1980ರದ್ದು. ಮೊದಲ ರಾತ್ರಿ ಕರೆಂಟು ಹೋದಾಗ ಎಮರ್ಜೆನ್ಸಿ ಲೈಟಿನಲ್ಲಿ ಅದನ್ನು ತೆಗೆದೆ. ಸುಮ್ನೆ ನಾಲ್ಕು ಪುಟ ಗಟ್ಟಿಯಾಗಿ ಓದಿದೆ, ಅತ್ತೆಗೆ ಕೇಳಲಿ ಅಂತ. ಕತೆಯಲ್ಲಿ ಮಂದಣ್ಣ ಬಂದ ಮೇಲೆ ಮಗಳು ಹತ್ತಿರ ಸರಿದಳು. ನನ್ನ ಗಂಟಲು ಒಣಗಿದಾಗ ಇವರು ಓದಿದರು, ಆಮೇಲೆ ಮಗಳು. ಅವಳಿಗೆ ದೊಡ್ಡ ಪದ ಸಿಕ್ಕರೆ ತಡವರಿಸುತ್ತದೆ, ಅತ್ತೆ ಕತ್ತಲಲ್ಲೇ ಸರಿ ಮಾಡುತ್ತಿದ್ದರು. ಒಂಬತ್ತೂವರೆಗೆ ಮಲಗುವ ಮನೆ ನಮ್ಮದು, ಅವತ್ತು ಹನ್ನೊಂದೂವರೆ. ಎರಡನೇ ರಾತ್ರಿಗೆ ಮುಗಿಸಿಯೇ ಬಿಟ್ಟೆವು.

ಆ ಕತೆಯಲ್ಲಿ ಹಾರುವ ಓತಿಯನ್ನು ಹುಡುಕಿಕೊಂಡು ಹೋಗುತ್ತಾರೆ. ಅದು ಕತೆಗೋಸ್ಕರ ಹುಟ್ಟಿಸಿದ್ದಲ್ಲ, ಪಶ್ಚಿಮ ಘಟ್ಟದ ಕಾಡಲ್ಲೂ ಅಡಿಕೆ ತೋಟದಲ್ಲೂ ನಿಜವಾಗಿ ಇದೆ. ಮಗಳು ಬೆಳಿಗ್ಗೆ ತಿಂಡಿಗೆ ಕೂತಾಗ ಮನೆಯ ಯಜಮಾನರ ಹತ್ತಿರ ಕೇಳಿಯೇ ಬಿಟ್ಟಳು. “ಬಾ ಪುಟ್ಟಿ, ಬಿಸಿಲು ಬಿದ್ದ ಮೇಲೆ ತೋರಿಸ್ತೀನಿ” ಅಂದರು. ಹತ್ತು ಗಂಟೆಗೆ ತೋಟಕ್ಕೆ ಹೋದೆವು. ಅವರು ಬೆರಳು ತೋರಿಸಿದ ಅಡಿಕೆ ಮರದಲ್ಲಿ ನನಗೆ ಮೊದಲು ತೊಗಟೆ ಬಿಟ್ಟು ಏನೂ ಕಾಣಲಿಲ್ಲ. ಆಮೇಲೆ ಆ ತೊಗಟೆಯಿಂದಲೇ ಹಳದಿ ನಾಲಿಗೆಯ ಹಾಗೆ ಏನೋ ಒಂದು ಚಾಚಿ ಒಳಗೆ ಹೋಯಿತು, ಮತ್ತೆ ಚಾಚಿತು. ಗಂಡು ಓತಿಯ ಗಂಟಲ ಚರ್ಮ ಅದು. ಬಾಲ ಸೇರಿ ಒಂದು ಗೇಣು ಉದ್ದ ಇರಬಹುದು. ಇರುವೆ ಹೆಕ್ಕುತ್ತಾ ಮೇಲೆ ಹತ್ತಿತು, ನಿಂತಿತು, ಪಟ್ಟನೆ ಮರ ಬಿಟ್ಟಿತು. ಪಕ್ಕೆಲುಬು ಅಗಲಿಸಿ ಅದರ ಮೇಲಿನ ಚರ್ಮವನ್ನು ಕೊಡೆಯ ಹಾಗೆ ಬಿಚ್ಚಿ ನಮ್ಮ ತಲೆಯ ಮೇಲಿಂದ ತೇಲಿ ನಾಲ್ಕನೇ ಮರಕ್ಕೆ ಅಂಟಿಕೊಂಡಿತು. ಮಗಳು ಕೂಗಲಿಲ್ಲ, ನನ್ನ ಕೈಯನ್ನು ಗಟ್ಟಿಯಾಗಿ ಹಿಡಿದಳು ಅಷ್ಟೇ.

ಹಾಗಾಗಿ ನನ್ನ ಲೆಕ್ಕ ಹೀಗೆ. ಕಾರಿಗೆ ಆಡಿಯೊ, ಅದೂ ಎಲ್ಲರೂ ಕೇಳುವ ಹಾಗೆ. ಮನೆಯವರೆಲ್ಲ ಇರುವ ರಾತ್ರಿಗೆ ತೆಳು ಪುಸ್ತಕ, ಗಟ್ಟಿಯಾಗಿ ಓದಲು. ಫೋನಿನ ಪುಸ್ತಕ ಒಬ್ಬಳೇ ಬಸ್ಸಿಗೆ ಕಾಯುವಾಗ ಇರಲಿ. ಪುಸ್ತಕವನ್ನು ಮಾತ್ರ ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ ಒಯ್ಯಿರಿ. ಎರಡೇ ದಿನದ ಥಂಡಿಗೆ ನನ್ನ ‘ಕರ್ವಾಲೊ’ದ ಪುಟಗಳು ಹಪ್ಪಳದ ಹಾಗೆ ಸುರುಳಿ ಸುತ್ತಿವೆ, ಮೂಗಿನ ಹತ್ತಿರ ಹಿಡಿದರೆ ಸಣ್ಣಗೆ ಬೂಷ್ಟಿನ ವಾಸನೆ.

ದಪ್ಪ ಪುಸ್ತಕ ಸೋತಿತು ಅನ್ನಲು ನನಗೆ ಮನಸ್ಸಿಲ್ಲ. ಅದನ್ನು ಓದಬೇಕಾದ್ದು ಹೋಗಿ ಬಂದ ಮೇಲೆ. ಈಗ ಮನೆಯಲ್ಲಿ ದಿನಾ ಬೆಳಿಗ್ಗೆ ಐದೂವರೆಗೆ ಎದ್ದು ಓದುತ್ತಿದ್ದೇನೆ, ಇನ್ನೂರು ಪುಟ ದಾಟಿದೆ. ಮೇಗರವಳ್ಳಿ ಅನ್ನುವ ಹೆಸರು ಬಂದಾಗಲೆಲ್ಲ ಆ ರಸ್ತೆ, ಆ ತಿರುವು, ಒದ್ದೆ ಮರಗಳು ಕಣ್ಣ ಮುಂದೆ ಬರುತ್ತವೆ, ಕಾಲೇಜಿನಲ್ಲಿ ಓದಿದಾಗ ಅದು ಬರೀ ಹೆಸರಾಗಿತ್ತು. ರಾತ್ರಿ ಮಗಳಿಗೆ ಗುತ್ತಿ ಮತ್ತು ಅವನ ನಾಯಿ ಹುಲಿಯನ ಭಾಗವನ್ನಷ್ಟೇ ಆರಿಸಿ ಹೇಳುತ್ತೇನೆ, ಅತ್ತೆಯೂ ಬಂದು ಕೂರುತ್ತಾರೆ. ಹುಲಿಯನಿಗೆ ಕೊನೆಗೆ ಏನಾಗುತ್ತೆ ಅಂತ ಮಗಳು ದಿನಾ ಕೇಳುತ್ತಾಳೆ. ಅತ್ತೆಗೆ ಗೊತ್ತು, ನನಗೂ ಗೊತ್ತು. ಇನ್ನೂ ಹೇಳಿಲ್ಲ.