ನಾಲ್ಕು ಸ್ವರ ನಾಲ್ಕಾಗಿಯೇ ಕೇಳಿಸಬೇಕು: ಬೇಸ್‌ಗಾಗಿ ಹೆಡ್‌ಫೋನ್ ಹುಡುಕಿದ ಅನುಭವ

ನಾನು ಬೇಸ್ ಗಿಟಾರ್ ನುಡಿಸುತ್ತೇನೆ. ಹನ್ನೊಂದು ವರ್ಷವಾಯಿತು. ನಮ್ಮದು ನಾಲ್ಕು ಜನರ ಚಿಕ್ಕ ತಂಡ. ವಾರಕ್ಕೊಮ್ಮೆ ಸೇರಿ ನುಡಿಸುತ್ತೇವೆ, ರೆಕಾರ್ಡ್ ಮಾಡಿಕೊಳ್ಳುತ್ತೇವೆ, ಆಮೇಲೆ ಅವರವರ ಮನೆಯಲ್ಲಿ ಕೂತು ತಪ್ಪು ಹುಡುಕುತ್ತೇವೆ.

ಹಾಗೆ ಕೇಳುವುದಕ್ಕೆಂದೇ ನಾಲ್ಕು ವರ್ಷದ ಹಿಂದೆ ಒಂದು ಹೆಡ್‌ಫೋನ್ ತಂದೆ. ಅದರ ಬಾಕ್ಸ್ ಮೇಲೆ ಬೇಸ್ (ಅಂದರೆ ತಗ್ಗಿನ, ದಪ್ಪ ಸದ್ದು) ಅನ್ನುವ ಪದ ಮೂರು ಕಡೆ ಇತ್ತು. ಹಾಕಿಕೊಂಡ ಕೂಡಲೇ ತಲೆಯೊಳಗೆ ಧುಂ ಧುಂ ಅಂತ ತುಂಬಿಕೊಂಡಿತು. ಖುಷಿಯಾಯಿತು. ಆ ಖುಷಿಯಲ್ಲೇ ಹಿಂದಿನ ದಿನ ನಾನೇ ನುಡಿಸಿದ ಒಂದು ಸಾಲನ್ನು ಹಾಕಿದೆ. ನಾಲ್ಕೇ ಸ್ವರ: ಇ, ಜಿ, ಎ, ಬಿ. ನನ್ನ ಬೆರಳುಗಳಿಗೆ ಅವು ಚೆನ್ನಾಗಿ ಗೊತ್ತು. ಆದರೆ ಕಿವಿಗೆ ಬಂದದ್ದು ಒಂದೇ ಧುಂ, ನಾಲ್ಕು ಸಲ. ಸ್ವರ ಮೇಲೆ ಹತ್ತಿದ್ದೇ ತಿಳಿಯಲಿಲ್ಲ.

ಬೇಸ್ ಜಾಸ್ತಿ ಇದೆ, ಆದರೆ ಬೇಸ್ ಕೇಳಿಸುತ್ತಿಲ್ಲ. ಹೀಗೂ ಆಗುತ್ತದೆ ಅಂತ ನನಗೆ ಅವತ್ತೇ ಗೊತ್ತಾಗಿದ್ದು.

ಯಾಕೆ ಹಾಗಾಯಿತು ಅಂತ ಆಮೇಲೆ ಕೂತು ಲೆಕ್ಕ ಹಾಕಿದೆ. ಬೇಸ್ ಗಿಟಾರಿನ ಅತಿ ದಪ್ಪ ತಂತಿಯನ್ನು ಸುಮ್ನೆ ಮೀಟಿದರೆ ಅದು ಸೆಕೆಂಡಿಗೆ ಸುಮಾರು 41 ಸಲ ನಡುಗುತ್ತದೆ, ಅಂದರೆ 41 ಹರ್ಟ್ಜ್. ಅದೇ ನನ್ನ ಸಾಲಿನ ಇ. ಜಿ 49, ಎ 55, ಬಿ 62. ಪ್ರತಿ ಸ್ವರದ ಜೊತೆಗೆ ಅದರ ಎರಡರಷ್ಟು, ಮೂರರಷ್ಟು ಎತ್ತರದ ಸ್ವರಗಳೂ ಸಣ್ಣಗೆ ಮೊಳಗುತ್ತವೆ. ಎರಡರಷ್ಟಿನವು 82, 98, 110, 123ರಲ್ಲಿ ಬೀಳುತ್ತವೆ. ನನ್ನ ಆ ಹೆಡ್‌ಫೋನ್ ಸರಿಯಾಗಿ 100ರ ಆಸುಪಾಸಿನಲ್ಲಿ ಗುಡ್ಡದಂತೆ ಉಬ್ಬಿತ್ತು, ಅಂದರೆ ಅಲ್ಲಿನ ಸದ್ದನ್ನು ಉಳಿದದ್ದಕ್ಕಿಂತ ಜೋರು ಮಾಡುತ್ತಿತ್ತು. ಯಾವ ಸ್ವರ ಹೋದರೂ ಆ ಗುಡ್ಡಕ್ಕೇ ಹೋಗಿ ಡಿಕ್ಕಿ ಹೊಡೆಯುತ್ತಿತ್ತು, ಅದೇ ಸದ್ದು ಮಾಡುತ್ತಿತ್ತು.

ಆ ನಾಲ್ಕು ಸ್ವರದ ತುಣುಕು ಈಗಲೂ ನನ್ನ ಫೋನಿನಲ್ಲಿದೆ. ಯಾವ ಹೆಡ್‌ಫೋನ್ ಕೈಗೆ ಬಂದರೂ ಮೊದಲು ಅದನ್ನೇ ಹಾಕುತ್ತೇನೆ.

ಮೊನ್ನೆ ಅಕ್ಕನ ಮಗ ಬಂದಿದ್ದ. ‘ಮಾಮ, ಬೇಸ್ ಜೋರಾಗಿರೋ ಹೆಡ್‌ಫೋನ್ ಒಂದು ಹೇಳಿ’ ಅಂದ. ‘ಮೊದಲು ನೀನು ಏನು ಕೇಳ್ತೀಯ ಅಂತ ಹೇಳು’ ಅಂದೆ. ಅವನಿಗೆ ಆಶ್ಚರ್ಯವಾಯಿತು. ಬೇಸ್ ಅಂದರೆ ಬೇಸ್, ಅದರಲ್ಲಿ ಏನು ಬೇರೆ ಬೇರೆ ಅಂತ ಅವನ ಪ್ರಶ್ನೆ. ಅವನಿಗೆ ಹೇಳಿದ್ದನ್ನೇ ಇಲ್ಲಿ ಸ್ವಲ್ಪ ಬಿಡಿಸಿ ಬರೆಯುತ್ತಿದ್ದೇನೆ.

ಸುಮಾರು 60 ಹರ್ಟ್ಜ್‌ಗಿಂತ ಕೆಳಗಿನದು ಕಿವಿಗಿಂತ ಮೈಗೆ ಜಾಸ್ತಿ ತಾಗುವ ಸದ್ದು. ಪಿಯಾನೋದ ಎಡತುದಿಯ ಮನೆ 27.5, ಐದು ತಂತಿಯ ಬೇಸ್ ಗಿಟಾರಿನ ಬಿ 31. ಇದಕ್ಕೆ ನಾನು ಆಳ ಅನ್ನುತ್ತೇನೆ. 60ರಿಂದ 120ರವರೆಗೆ ಡ್ರಮ್ಮಿನ ಗುದ್ದು ಇರುತ್ತದೆ. ಅಲ್ಲಿಂದ 250ರವರೆಗಿನದು ಹಾಡಿಗೆ ಮೈ ಕೊಡುವ ಜಾಗ. ಗಂಡು ದನಿಯ ತಳ, ಗಿಟಾರಿನ ಕೆಳ ತಂತಿಗಳು, ಚೆಲ್ಲೋ ಎಲ್ಲ ಅಲ್ಲೇ ಓಡಾಡುತ್ತವೆ. ಸುಲಭವಾಗಿ ಬೇಸ್ ಜೋರಾಗಿ ತೋರಿಸಬೇಕೆಂದರೆ ಈ ಕೊನೆಯ ಜಾಗವನ್ನು ಉಬ್ಬಿಸಿದರೆ ಸಾಕು. ಅಂಗಡಿಯಲ್ಲಿ ಎರಡು ನಿಮಿಷ ಕೇಳಿದಾಗ ಭರ್ಜರಿ ಅನಿಸುತ್ತದೆ. ಮನೆಗೆ ಬಂದ ಮೇಲೆ ಹಾಡುವವರ ದನಿ ಕಂಬಳಿ ಹೊದ್ದಂತೆ ಕೇಳುತ್ತದೆ.

ಈಗ ನನ್ನ ಹತ್ತಿರ ಮೂರು ಹೆಡ್‌ಫೋನ್ ಇವೆ.

ಅತಿ ಹೆಚ್ಚು ಬಳಸುವುದು ಬೈಯರ್‌ಡೈನಾಮಿಕ್ ಡಿಟಿ 770 ಪ್ರೋ, 80 ಓಮ್‌ನದು (ಓಮ್ ಅಂದರೆ ವಿದ್ಯುತ್ತಿಗೆ ಅದು ಒಡ್ಡುವ ತಡೆಯ ಅಳತೆ). ಹಿಂಬದಿ ಮುಚ್ಚಿರುವ ಕ್ಲೋಸ್ಡ್ ಬ್ಯಾಕ್ ಮಾದರಿ, ಕಿವಿಗೆ ಮಖಮಲ್ಲಿನ ಮೆತ್ತೆ. ನನ್ನ ನಾಲ್ಕು ಸ್ವರದಲ್ಲಿ ಕೆಳಗಿನ ಇ ಇದರಲ್ಲಿ ತಳ ಮುಟ್ಟಿ ಬರುತ್ತದೆ, ಬಿ ಅದರಿಂದ ಮೇಲೆ ಎದ್ದು ನಿಲ್ಲುತ್ತದೆ. ಬೇಸ್ ಇದ್ದುದಕ್ಕಿಂತ ಸ್ವಲ್ಪ ಜಾಸ್ತಿಯೇ, ಆದರೆ ಆ ಜಾಸ್ತಿ ಆಳದಲ್ಲಿದೆ, ದನಿಯ ಮೇಲೆ ಬಂದು ಕೂರುವುದಿಲ್ಲ. ಹಿಪ್ ಹಾಪ್, ಎಲೆಕ್ಟ್ರಾನಿಕ್ ಸಂಗೀತಕ್ಕೆ ನನ್ನ ಮೊದಲ ಆಯ್ಕೆ ಇದೇ. ಈ ಸಂಗೀತದ ಬೇಸ್‌ಗೆ ರೋಲ್ಯಾಂಡ್ ಕಂಪನಿಯ ಟಿಆರ್-808 ಅನ್ನುವ ಡ್ರಮ್ ಯಂತ್ರ ಮುಖ್ಯ ಕಾರಣ. 1980ರಲ್ಲಿ ಬಂತು, 1983ರಲ್ಲಿ ತಯಾರಿಕೆ ನಿಂತಿತು. ಅದರ ಕಿಕ್ (ಕಾಲಿನಿಂದ ಹೊಡೆಯುವ ದೊಡ್ಡ ಡ್ರಮ್ಮಿನ) ಸದ್ದು ಹೊಡೆದು ಮುಗಿಯುವುದಿಲ್ಲ, ಬೇಕಾದಷ್ಟು ಹೊತ್ತು ಎಳೆಯಬಹುದು. ಮುಂದೆ ಜನ ಅದನ್ನೇ ಸ್ವರಕ್ಕೆ ಕೂಡಿಸಿ ಬೇಸ್ ಸಾಲಾಗಿ ಬಳಸತೊಡಗಿದರು. ಈ ಸದ್ದಿಗೆ ಆಳವೂ ಬೇಕು, ಕೊನೆಯವರೆಗೂ ಸೊರಗದೆ ಉಳಿಯುವ ಬಾಲವೂ ಬೇಕು. 50ಕ್ಕಿಂತ ಕೆಳಗೆ ಕೈಬಿಡುವ ಹೆಡ್‌ಫೋನಿನಲ್ಲಿ ಬರೀ ಆರಂಭದ ಟಕ್ ಕೇಳಿಸಿ ಉಳಿದದ್ದು ಮಾಯವಾಗುತ್ತದೆ.

ಒಂದು ಮಾತು: ಇದರ ಮೇಲಿನ ಸ್ವರಗಳೂ ಚುರುಕು. ಡ್ರಮ್ಮಿನ ಜೊತೆಯ ಸಿಂಬಲ್ ತಟ್ಟೆಗಳ ಸದ್ದು ಜಾಸ್ತಿ ಇರುವ ಹಾಡನ್ನು ಎರಡು ಗಂಟೆ ಕೇಳಿದರೆ ನನಗೆ ಸ್ವಲ್ಪ ಆಯಾಸವಾಗುತ್ತದೆ.

ಇದೇ ಹೆಡ್‌ಫೋನು 32, 80, 250 ಓಮ್ ಅಂತ ಮೂರು ಬಗೆಯಲ್ಲಿ ಬಂದಿದೆ. ಓಮ್ ಜಾಸ್ತಿ ಇದ್ದರೆ ಬೇಸ್ ಜಾಸ್ತಿ ಅಂದುಕೊಂಡವರಿದ್ದಾರೆ. ಹಾಗಿಲ್ಲ. 250ರದ್ದಕ್ಕೆ ಜೋರಾಗಿ ನುಡಿಯಲು ಆಂಪ್ಲಿಫೈಯರ್ ಬೇಕಾಗುತ್ತದೆ, ಫೋನಿನ ಶಕ್ತಿ ಸಾಲದೆ ಹೋಗಬಹುದು. ಬರೀ ಫೋನಿಗೆ ಹಾಕುವವರು 32ರದ್ದನ್ನು ನೋಡುವುದು ಒಳ್ಳೆಯದು.

ಎರಡನೆಯದು ಆಡಿಯೋ ಟೆಕ್ನಿಕಾ ಎಟಿಎಚ್-ಎಂ50ಎಕ್ಸ್. 38 ಓಮ್, ಫೋನಿಗೂ ಆರಾಮ. ಇದರ ಬಲ ಗುದ್ದಿನಲ್ಲಿದೆ. ರಾಕ್, ಫಂಕ್, ಡ್ರಮ್ ಮುಂದಿರುವ ಯಾವುದೇ ಹಾಡಿಗೆ ಇದನ್ನು ತಗೊಂಡರೆ ಕಾಲು ತಾನಾಗಿ ತಾಳ ಹಾಕುತ್ತದೆ. ಕೇಬಲ್ ಬಿಚ್ಚಬಹುದು, ಮಡಚಿ ಚೀಲಕ್ಕೆ ಹಾಕಬಹುದು. ತಂಡದ ಅಭ್ಯಾಸಕ್ಕೆ ಒಯ್ಯುವುದು ಇದನ್ನೇ.

ಮೂರನೆಯದು ಸೆನ್‌ಹೈಸರ್ ಎಚ್‌ಡಿ 650. ಹಿಂಬದಿ ತೆರೆದ ಓಪನ್ ಬ್ಯಾಕ್. ಬೇಸ್ ವಿಚಾರದಲ್ಲಿ ಇದರ ಹೆಸರು ಯಾಕೆ ಅಂತ ಕೇಳುತ್ತೀರಿ, ಅಲ್ವಾ? ತೆರೆದ ಹೆಡ್‌ಫೋನಿನಲ್ಲಿ ಆಳದ ಸದ್ದು ಹೊರಗೆ ಸೋರುತ್ತದೆ, ಇದರಲ್ಲೂ ತೀರಾ ಕೆಳಗಿನದು ನಿಧಾನವಾಗಿ ಇಳಿಯುತ್ತದೆ. ಆದರೂ ಜಾಝ್‌ನಲ್ಲಿ ಡಬಲ್ ಬೇಸ್ ಕೇಳಬೇಕೆಂದಾಗ ನನ್ನ ಕೈ ಇದಕ್ಕೇ ಹೋಗುತ್ತದೆ. ಬೆರಳು ತಂತಿಯನ್ನು ಎಳೆದು ಬಿಟ್ಟದ್ದು, ಮರದ ಮೈ ಗುಂಯ್ ಅಂದದ್ದು, ಮುಂದಿನ ಸ್ವರಕ್ಕೆ ಕೈ ಜಾರಿದ್ದು ಎಲ್ಲ ಕಣ್ಣಿಗೆ ಕಟ್ಟುತ್ತದೆ. ಇದರ ಹಿಂದೆ ಮೆದುಳಿನ ಒಂದು ಅದ್ಭುತ ಕೆಲಸವಿದೆ. 82, 123, 164 ಒಟ್ಟಿಗೆ ಕೇಳಿಸಿದರೆ, ಅಡಿಯ 41 ಕ್ಷೀಣವಾಗಿದ್ದರೂ ಮೆದುಳು ಸ್ವರವನ್ನು 41 ಅಂತಲೇ ಗುರುತಿಸುತ್ತದೆ. ಹಾಗಾಗಿ ಮೇಲಿನವು ಶುದ್ಧವಾಗಿದ್ದರೆ ಕೆಳಗಿನದು ಸ್ವಲ್ಪ ಕಡಿಮೆಯಾದರೂ ಸ್ವರ ತಪ್ಪುವುದಿಲ್ಲ. ತಬಲಾಕ್ಕೂ ಇದೇ ಮಾತು. ಎಡಗೈಯ ಡಗ್ಗಾ ಮೇಲೆ ಅಂಗೈ ಬುಡ ಒತ್ತಿ ಜಾರಿಸಿದಾಗ ಸದ್ದು ಮೇಲಕ್ಕೆ ಬಾಗುತ್ತದಲ್ಲ, ಆ ಬಾಗು ಕೇಳಿಸಬೇಕು. ನನ್ನ ಹಳೆಯ ಹೆಡ್‌ಫೋನಿನಲ್ಲಿ ಆ ಬಾಗು ಇರಲೇ ಇಲ್ಲ, ಬರೀ ಗುಮ್ಮು.

ಹೆವಿ ಮೆಟಲ್ ಸಂಗೀತ ಕೇಳುವವರು ದಯವಿಟ್ಟು ಇಲ್ಲಿ ಸ್ವಲ್ಪ ನಿಲ್ಲಿ. ಎಲ್ಲರಿಗಿಂತ ಜಾಸ್ತಿ ಮೋಸ ಹೋಗುವವರು ನೀವೇ. ನಿಮಿಷಕ್ಕೆ 200 ಬೀಟ್ ಓಡುವ ಹಾಡಿನಲ್ಲಿ ಡ್ರಮ್ಮರ್ ಎರಡೂ ಕಾಲಿನಲ್ಲಿ ಬೀಟಿಗೆ ನಾಲ್ಕರಂತೆ ಕಿಕ್ ಹೊಡೆದರೆ ಸೆಕೆಂಡಿಗೆ 13ಕ್ಕೂ ಹೆಚ್ಚು ಏಟು. ಒಂದರಿಂದ ಇನ್ನೊಂದಕ್ಕೆ 75 ಮಿಲಿಸೆಕೆಂಡ್. 40 ಹರ್ಟ್ಜ್ ಸದ್ದಿನ ಒಂದೇ ಅಲೆಗೆ 25 ಮಿಲಿಸೆಕೆಂಡ್ ಬೇಕು. ಅಂದರೆ ಎರಡು ಏಟಿನ ನಡುವೆ ಮೂರೇ ಅಲೆಗೆ ಜಾಗ. ಅಷ್ಟರಲ್ಲಿ ಹಿಂದಿನ ಏಟು ಅಡಗದಿದ್ದರೆ ಮುಂದಿನದು ಅದರ ಮೇಲೇ ಬೀಳುತ್ತದೆ. ಇದರ ಜೊತೆಗೆ ಕೆಳಗೆ ಇಳಿಸಿ ಶ್ರುತಿ ಮಾಡಿದ ಗಿಟಾರ್‌ಗಳೂ ಸೇರುತ್ತವೆ. ಇನ್ನು 150ರಿಂದ 250 ಉಬ್ಬಿದ ಹೆಡ್‌ಫೋನ್ ಹಾಕಿದರೆ ಉಳಿಯುವುದು ಕೆಸರು. ಕಿಕ್ಕಿನ ಏಟು ಒಂದೊಂದಾಗಿ ಕೇಳಿಸುವುದು ಅದರ ಧುಂನಿಂದಲ್ಲ, 2,000ದಿಂದ 4,000 ಹರ್ಟ್ಜ್ ಹತ್ತಿರ ಇರುವ ಟಿಕ್‌ನಿಂದ. ಮೆಟಲ್‌ಗೆ ಬಿಗಿಯಾದ, ಬೇಗ ನಿಲ್ಲುವ ಬೇಸ್ ಬೇಕು. ನನಗೆ ಇಲ್ಲಿ ಎಂ50ಎಕ್ಸ್ ಸರಿಹೋಗುತ್ತದೆ, 770 ಅಷ್ಟು ಹಿಡಿಸುವುದಿಲ್ಲ.

ಚರ್ಚ್‌ಗಳ ದೊಡ್ಡ ಪೈಪ್ ಆರ್ಗನ್ ಕೇಳುವವರು ಕಡಿಮೆ. 32 ಅಡಿಯ ಪೈಪಿನ ಕೆಳ ಸಿ ಸುಮಾರು 16 ಹರ್ಟ್ಜ್. ಕಿವಿಯ ಮಿತಿಯೇ 20 ಅನ್ನುತ್ತಾರೆ. ಗೆಳೆಯನ ಪ್ಲೇನರ್ ಮ್ಯಾಗ್ನೆಟಿಕ್ (ಅಯಸ್ಕಾಂತಗಳ ಪಕ್ಕದಲ್ಲಿ ತೆಳು ಹಾಳೆ ನಡುಗಿ ಸದ್ದು ಮಾಡುವ) ಹೆಡ್‌ಫೋನಿನಲ್ಲಿ ಆರ್ಗನ್ ಕೇಳಿದ್ದೆ. ತೆರೆದ ಹಿಂಬದಿ ಇದ್ದೂ ಆಳದವರೆಗೆ ಬೇಸ್ ಸಮವಾಗಿ ಕೇಳಿಸಿತ್ತು. ಆದರೆ ತೂಕ ಜಾಸ್ತಿ, ನನ್ನ ಕುತ್ತಿಗೆಗೆ ಆಗಲಿಲ್ಲ.

ಇಷ್ಟೆಲ್ಲ ಹೇಳಿದರೂ, ಯಾವ ಕಂಪನಿ ಅನ್ನುವುದಕ್ಕಿಂತ ದೊಡ್ಡ ವಿಷಯ ಹೆಡ್‌ಫೋನ್ ನಿಮ್ಮ ಕಿವಿಯ ಸುತ್ತ ಸಂದಿಲ್ಲದೆ ಕೂತಿದೆಯಾ ಅನ್ನುವುದು. ಇದನ್ನು ಎಷ್ಟು ಸಲ ಹೇಳಿದರೂ ಕಡಿಮೆಯೇ. ಕ್ಲೋಸ್ಡ್ ಬ್ಯಾಕ್ ಹೆಡ್‌ಫೋನಿನ ಬೇಸ್ ಒಳಗೆ ಹಿಡಿದಿಟ್ಟ ಗಾಳಿಯಲ್ಲಿದೆ. ಸಣ್ಣ ಸಂದಿ ಸಾಕು, ಮೊದಲು ಹೋಗುವುದು ಆಳ. ನಾನು ಕನ್ನಡಕ ಹಾಕುತ್ತೇನೆ. ಮೊದಲಿನ ದಪ್ಪ ಕಡ್ಡಿಯ ಕನ್ನಡಕದಲ್ಲಿ 770ರ ಬೇಸ್ ಸಪ್ಪೆ ಅನಿಸುತ್ತಿತ್ತು. ತೆಳು ಕಡ್ಡಿಯದು ಹಾಕಿದ ದಿನ ಹೊಸ ಹೆಡ್‌ಫೋನ್ ತಂದಂತಾಯಿತು. ನೀವೂ ನೋಡಿ: ಹಾಡು ಓಡುತ್ತಿರುವಾಗ ಕಿವಿ ಮುಚ್ಚುವ ಎರಡೂ ಕಪ್‌ಗಳನ್ನು ಅಂಗೈಯಿಂದ ಮೆಲ್ಲಗೆ ಒತ್ತಿ. ಬೇಸ್ ಏಕದಂ ಏರಿದರೆ ಎಲ್ಲೋ ಸೋರುತ್ತಿದೆ ಅಂತ ಅರ್ಥ. ಮೆತ್ತೆ ಹಳೆಯದಾಗಿ ಚಪ್ಪಟೆಯಾದರೂ ಹೀಗೇ ಆಗುತ್ತದೆ. ಹೆಡ್‌ಫೋನ್ ಬದಲಿಸುವ ಮುಂಚೆ ಮೆತ್ತೆ ಬದಲಿಸಿ ನೋಡಿ. ಕಿವಿಯೊಳಗೆ ಹಾಕುವ ಇಯರ್‌ಬಡ್ ಆದರೆ ರಬ್ಬರ್ ತುದಿಯ ಅಳತೆ ಮುಖ್ಯ. ನನ್ನ ಎಡಕಿವಿಗೆ ಮಧ್ಯಮ ಅಳತೆ, ಬಲಕಿವಿಗೆ ದೊಡ್ಡದು. ಇದು ತಿಳಿಯುವವರೆಗೆ ಬಲಗಡೆ ಬೇಸೇ ಇಲ್ಲ ಅಂದುಕೊಂಡಿದ್ದೆ.

ಬಾಕ್ಸ್ ಮೇಲಿನ ಅಂಕಿಗಳನ್ನು ನಾನು ನೋಡುವುದನ್ನೇ ಬಿಟ್ಟಿದ್ದೇನೆ. 5 ಹರ್ಟ್ಜ್‌ವರೆಗೆ ಅಂತ ಬರೆದಿರುತ್ತಾರೆ. ಅಲ್ಲಿ ಎಷ್ಟು ಮೆಲ್ಲಗೆ ನುಡಿಯುತ್ತದೆ ಅಂತ ಬರೆದಿರುವುದಿಲ್ಲ. ಡ್ರೈವರ್ (ಒಳಗೆ ಸದ್ದು ಹೊರಡಿಸುವ ಭಾಗ) 50 ಮಿಲಿಮೀಟರ್ ಅನ್ನುವುದೂ ಅಷ್ಟೇ. ತಲೆ ನಡುಗಿಸುವ ಬೇರೆ ಮೋಟಾರು ಇರುವ ಹೆಡ್‌ಫೋನ್‌ಗಳೂ ಬರುತ್ತವೆ. ಗೇಮ್‌ಗೆ, ಸಿನಿಮಾದ ಸ್ಫೋಟಕ್ಕೆ ಅದು ಮಜಾ. ಹಾಡಿಗೆ ಬೇಡ ಅನ್ನುವುದು ನನ್ನ ಅಭಿಪ್ರಾಯ.

ಬಸ್ಸು, ರೈಲು, ವಿಮಾನದಲ್ಲಿ ಕೇಳುವವರಾದರೆ ಬೇಸ್ ಜಾಸ್ತಿ ಇರುವುದಕ್ಕಿಂತ ಹೊರಗಿನ ಗದ್ದಲವನ್ನು ಅಡಗಿಸುವ ನಾಯ್ಸ್ ಕ್ಯಾನ್ಸಲಿಂಗ್ ಇರುವುದನ್ನು ಹುಡುಕಿ. ಎಂಜಿನ್ನಿನ ಗುಂಯ್ ಸದ್ದೂ ಕೆಳಗಿನ ಸದ್ದೇ. ಅದು ಹಾಡಿನ ಬೇಸನ್ನು ಮುಚ್ಚಿಬಿಡುತ್ತದೆ. ನಾಯ್ಸ್ ಕ್ಯಾನ್ಸಲಿಂಗ್ ಚೆನ್ನಾಗಿ ಕೆಲಸ ಮಾಡುವುದೂ ಕೆಳಗಿನ ಸದ್ದಿನ ಮೇಲೆಯೇ. ಗುಂಯ್ ಹೋದ ಕೂಡಲೇ ಅಡಗಿದ್ದ ಬೇಸ್ ಹೊರಬರುತ್ತದೆ.

ವಾಲ್ಯೂಮ್ ಬಗ್ಗೆ ಮಾತ್ರ ನನಗೆ ನಿಜವಾಗಿ ಕಾಳಜಿ ಇದೆ. ಸದ್ದು ಕಡಿಮೆಯಾದಷ್ಟೂ ನಮ್ಮ ಕಿವಿಗೆ ಬೇಸ್ ಕೇಳುವ ಶಕ್ತಿ ಉಳಿದವಕ್ಕಿಂತ ಬೇಗ ಇಳಿಯುತ್ತದೆ. ಫ್ಲೆಚರ್ ಮತ್ತು ಮನ್ಸನ್ ಅನ್ನುವ ಇಬ್ಬರು ಸಂಶೋಧಕರು 1933ರಲ್ಲೇ ಇದನ್ನು ಅಳೆದು ತೋರಿಸಿದ್ದರು. ಅದಕ್ಕೇ ಮೆಲ್ಲಗೆ ಇಟ್ಟಾಗ ಬೇಸ್ ಸಾಲದು ಅನಿಸುತ್ತದೆ, ಕೈ ವಾಲ್ಯೂಮ್‌ಗೆ ಹೋಗುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಲ್ಲಿ 80 ಡೆಸಿಬಲ್ ಸದ್ದನ್ನು ವಾರಕ್ಕೆ 40 ಗಂಟೆ ಕೇಳಬಹುದು, 90 ಆದರೆ ಬರೀ 4 ಗಂಟೆ. ನನ್ನ ಎಡಕಿವಿಯಲ್ಲಿ ಕೆಲವು ರಾತ್ರಿ ಸಣ್ಣಗೆ ಕೀಂ ಅನ್ನುತ್ತದೆ. ಇಪ್ಪತ್ತರ ವಯಸ್ಸಿನಲ್ಲಿ ಯಾರಾದರೂ ಹೇಳಿದ್ದರೆ ಚೆನ್ನಾಗಿತ್ತು.

ವಾಲ್ಯೂಮ್ ಏರಿಸುವ ಬದಲು ಈಕ್ವಲೈಸರ್ (ಕೆಳಗಿನ, ಮೇಲಿನ ಸದ್ದುಗಳನ್ನು ಬೇರೆ ಬೇರೆಯಾಗಿ ಏರಿಸಿ ಇಳಿಸುವ ಸೌಲಭ್ಯ) ಬಳಸಿ. 100 ಹರ್ಟ್ಜ್‌ಗಿಂತ ಕೆಳಗಿನದನ್ನು ಮೂರೋ ನಾಲ್ಕೋ ಡೆಸಿಬಲ್ ಎತ್ತಿ, ಅಷ್ಟೇ ಪ್ರಮಾಣದಲ್ಲಿ ಒಟ್ಟು ಮಟ್ಟವನ್ನು ಇಳಿಸಿ, ಇಲ್ಲದಿದ್ದರೆ ಸದ್ದು ಒಡೆಯಬಹುದು. ಹೀಗೆ ಎತ್ತುವುದು ಸಂಗೀತಕ್ಕೆ ಮಾಡುವ ಅಪಚಾರವೇನಲ್ಲ. ಹರ್ಮನ್ ಕಂಪನಿಯಲ್ಲಿ ಷಾನ್ ಆಲಿವ್ ಮತ್ತು ಅವರ ಜೊತೆಯವರು ನಡೆಸಿದ ಕೇಳುವ ಪರೀಕ್ಷೆಗಳಲ್ಲೂ ಹೆಚ್ಚಿನವರಿಗೆ ಇಷ್ಟವಾಗಿದ್ದು ಬೇಸ್ ಸ್ವಲ್ಪ ಎತ್ತಿದ ಸದ್ದೇ.

ಅಕ್ಕನ ಮಗ ಕೇಳುವುದು ಹಿಪ್ ಹಾಪ್, ರಾತ್ರಿ ಹೊತ್ತು, ಮನೆಯವರು ಮಲಗಿದ ಮೇಲೆ, ಫೋನಿನಲ್ಲಿ. 32 ಓಮ್‌ನ 770 ತಗೋ, ಈಕ್ವಲೈಸರ್ ನಾನು ಹಾಕಿಕೊಡ್ತೀನಿ ಅಂದೆ. ಮೊದಲು ನನ್ನದನ್ನು ಅವನ ತಲೆಗೆ ಹಾಕಿ, ಕಿವಿಯ ಮೇಲಿನ ಕೂದಲು ಸರಿಸಿ, ಆ ನಾಲ್ಕು ಸ್ವರದ ತುಣುಕನ್ನು ಹಾಕಿದೆ. ಅವನು ಏನೂ ಹೇಳಲಿಲ್ಲ. ಎರಡು ಸಲ ಕೇಳಿದ. ಆಮೇಲೆ ನಾಲ್ಕು ಬೆರಳು ಎತ್ತಿ, ಒಂದೊಂದನ್ನೂ ಒಂದೊಂದು ಎತ್ತರದಲ್ಲಿ ಹಿಡಿದು ತೋರಿಸಿದ.