ಬೆಚ್ಚುವ ಕುದುರೆಗೆ ಯಾವ ಕಲಿಕೆ: ಕಾರವಾರದ ಉಸುಕಿನಲ್ಲಿ, ಶಿರಸಿಯ ತೋಟದ ದಾರಿಯಲ್ಲಿ

ಗಾಳಿಗೆ ಪಟಪಟ ಬಡಿಯುವ ನೀಲಿ ತಾಡಪಾಲು, ದಡಕ್ಕೆಳೆದ ದೋಣಿ, ಒಣಹಾಕಿದ ಬಲೆ, ಉರುಳಿಕೊಂಡು ಬರುವ ಥರ್ಮಾಕೋಲ್ ಪೆಟ್ಟಿಗೆ. ಕಾರವಾರದ ಕಡಲತೀರದಲ್ಲಿ ಕುದುರೆ ಬೆಚ್ಚುವುದು ಹೆಚ್ಚಾಗಿ ಇವಕ್ಕೆ. ಘಟ್ಟ ಹತ್ತಿ ಶಿರಸಿಗೆ ಹೋದರೆ ಬೇರೆಯದೇ ಪಟ್ಟಿ: ದೊಪ್ಪೆಂದು ಬೀಳುವ ಅಡಿಕೆ ಹಾಳೆ, ಅಡಿಕೆ ಗೊನೆ ಕೊಯ್ಯುತ್ತ ಮರದ ತುದಿಯಿಂದ ಕೂಗುವ ಕೊನೆಗೌಡ, ಒಣಗಿ ಬಿದ್ದ ಎಲೆಯ ದರಕಿನಲ್ಲಿ ಸರಕ್ಕನೆ ಹಾಯುವ ನವಿಲು. ಹೆದರಿಕೆ ಬಿಡಿಸಲು ಸವಾರರು ಹೇಳುವ ಮೂರು ದಾರಿಗಳನ್ನು ಎರಡೂ ಕಡೆ ಮಾಡಿ ನೋಡಿದ ಮೇಲಿನ ಹೋಲಿಕೆ ಇದು.

ಅದಕ್ಕೂ ಮೊದಲು ಒಂದು ಮಾತು. ನಿನ್ನೆಯವರೆಗೆ ಸುಮ್ಮನಿದ್ದ ಕುದುರೆ ಇಂದು ಬೆಚ್ಚತೊಡಗಿದರೆ ಕಲಿಕೆಯಲ್ಲ, ಪಶುವೈದ್ಯರು ಬೇಕು. ಕಣ್ಣಿನ ಪೊರೆ, ಚೂಪಾದ ದವಡೆ ಹಲ್ಲು, ತಡಿ ಒತ್ತಿ ನೊಂದ ಬೆನ್ನು, ಈ ಮೂರನ್ನೂ ನೋಡಿಸಿ. ನೋವಿರುವ ಕುದುರೆಗೆ ಎಷ್ಟು ಕಲಿಸಿದರೂ ಹತ್ತುವುದಿಲ್ಲ.

ಮೊದಲನೆಯದು, ಕಟ್ಟಿ ತೋರಿಸುವುದು. ಕಂಬಕ್ಕೆ ಕಟ್ಟಿ, ಹೆದರುವ ವಸ್ತುವನ್ನು ಮುಂದೆ ಹಿಡಿದು, ಒದ್ದಾಟ ನಿಲ್ಲುವವರೆಗೆ ತೆಗೆಯದಿರುವುದು. ಇಪ್ಪತ್ತು ನಿಮಿಷದಲ್ಲಿ ಕುದುರೆ ನಿಂತುಬಿಡುತ್ತದೆ, ಆದ್ದರಿಂದಲೇ ಇದಕ್ಕೆ ಹೆಸರು ಜಾಸ್ತಿ. ಆದರೆ ನಿಂತ ಕುದುರೆಯನ್ನು ಸರಿಯಾಗಿ ನೋಡಿ: ಕತ್ತು ಸೆಟೆದಿದೆ, ರೆಪ್ಪೆ ಬಡಿಯುವುದಿಲ್ಲ, ತುಟಿ ಬಿಗಿದಿದೆ. ದವಡೆಯ ಕೆಳಗಿನ ರಕ್ತನಾಳಕ್ಕೆ ಬೆರಳಿಟ್ಟು 15 ಸೆಕೆಂಡು ಎಣಿಸಿ ನಾಲ್ಕರಿಂದ ಗುಣಿಸಿ. ವಿಶ್ರಾಂತಿಯಲ್ಲಿರುವ ಕುದುರೆಯ ನಾಡಿ ನಿಮಿಷಕ್ಕೆ 28ರಿಂದ 44. ಅಲುಗದೆ ನಿಂತೂ ನಾಡಿ ಅದಕ್ಕಿಂತ ಬಹಳ ಮೇಲಿದ್ದರೆ ಅದು ಶಾಂತವಾಗಿಲ್ಲ, ಮರಗಟ್ಟಿದೆ. ಅಂಥ ಕುದುರೆ ಮಾರನೆಯ ದಿನ ಇನ್ನೂ ದೂರದಿಂದಲೇ ಹಾರುತ್ತದೆ. ಹಿಂದಕ್ಕೆ ಜಗ್ಗಿ ಹಗ್ಗವೋ ಬಕಲ್ಲೋ ಹರಿದರೆ ಮಗುಚಿ ಬೀಳುವ ಅಪಾಯ ಬೇರೆ. ಈ ದಾರಿಯನ್ನು ನಾವು ಯಾರಿಗೂ ಹೇಳುವುದಿಲ್ಲ.

ಎರಡನೆಯದು, ಹತ್ತಿರ ಹೋಗಿ ಹಿಂದೆ ಸರಿಯುವುದು. ನಮ್ಮ ಆಯ್ಕೆ ಇದೇ. ಆರೆಂಟು ಅಡಿಯ ತಾಡಪಾಲನ್ನು ಎರಡಡಿ ಚೌಕಕ್ಕೆ ಮಡಚಿ, ನಾಲ್ಕೂ ಮೂಲೆಗೆ ಉಸುಕಿನ ಚೀಲ ಇಡಿ. ಹಾಲ್ಟರ್ (ಕಡಿವಾಣವಿಲ್ಲದ ಮುಖಪಟ್ಟಿ) ಹಾಕಿ, 12 ಅಡಿ ಹಗ್ಗ ಹಿಡಿದು, ಕುದುರೆಯ ಭುಜದ ಪಕ್ಕ, ತಾಡಪಾಲು ಇರುವ ಬದಿಯಲ್ಲೇ ನೀವು ನಡೆಯಬೇಕು. ಕುದುರೆ ಹಾರುವುದು ವಸ್ತುವಿನಿಂದ ಆಚೆಗೆ. ನೀವು ಕುದುರೆಯ ಇನ್ನೊಂದು ಬದಿಯಲ್ಲಿದ್ದರೆ ನಿಮ್ಮ ಮೈಮೇಲೇ ಬರುತ್ತದೆ. ಹಗ್ಗವನ್ನು ಕೈಗೆ ಸುತ್ತಿಕೊಳ್ಳಲೇಬೇಡಿ.

ಸುಮಾರು 15 ಮೀಟರ್ ದೂರದಿಂದ ಶುರುಮಾಡಿ. ಕಿವಿ ಎರಡೂ ವಸ್ತುವಿನತ್ತ ನೆಟ್ಟು ಹೆಜ್ಜೆ ನಿಧಾನವಾದ ಜಾಗವೇ ಗಡಿ. ಕಾಲು ಕಿತ್ತು ಹಾರಿದ ಮೇಲಲ್ಲ, ಈ ಗಡಿಯಲ್ಲೇ ನಿಲ್ಲಿಸಬೇಕು. ತಲೆ ಇಳಿಸುವುದು, ದೀರ್ಘ ಉಸಿರು ಬಿಡುವುದು ಕಂಡ ತಕ್ಷಣ ಕುದುರೆಯನ್ನು ತಿರುಗಿಸಿ ಐದಾರು ಹೆಜ್ಜೆ ದೂರ ಕರೆದೊಯ್ಯಿರಿ. ದೂರ ಹೋಗುವುದೇ ಅದಕ್ಕೆ ಸಿಗುವ ಬಹುಮಾನ. ಹೊಸಬರು ತಪ್ಪುವುದು ಇಲ್ಲೇ: ಕುದುರೆ ಹಾರಿದಾಗ ದೂರ ಕರೆದೊಯ್ಯುತ್ತಾರೆ, ಶಾಂತವಾದಾಗ ಇನ್ನೂ ಹತ್ತಿರ ತಳ್ಳುತ್ತಾರೆ. ಹಾರಿದರೆ ಬಿಡುಗಡೆ ಎಂದು ಅದು ಕಲಿತುಬಿಡುತ್ತದೆ.

ದಿನಕ್ಕೆ ಹತ್ತರಿಂದ ಹದಿನೈದು ನಿಮಿಷ ಸಾಕು. ಮಡಚಿದ ತಾಡಪಾಲನ್ನು ಮೂಸುವಂತಾದ ಮೇಲೆ ಒಂದು ಮಡಿಕೆ ಬಿಚ್ಚಿ, ಆಮೇಲೆ ಇನ್ನೊಂದು. ಕೊನೆಗೆ ಒಂದು ಮೂಲೆಯ ಚೀಲ ತೆಗೆದು ಗಾಳಿಗೆ ಅಲುಗಲು ಬಿಡಿ. ಒಂದೇ ದಿನ ದೂರವನ್ನೂ ಕಡಿಮೆ ಮಾಡಿ ಮಡಿಕೆಯನ್ನೂ ಬಿಚ್ಚಬಾರದು. ಎಡಗಣ್ಣಿನಿಂದ ನೋಡಿ ಒಪ್ಪಿದ್ದನ್ನು ಬಲಗಣ್ಣಿನ ಬದಿಯಲ್ಲೂ ಮೊದಲಿನಿಂದ ಮಾಡಿಸಬೇಕು. ಮರಳುವಾಗ ಅದೇ ದೋಣಿಗೆ ಬೆಚ್ಚುವ ಕುದುರೆಗಳ ಗುಟ್ಟು ಇದು. ಡೆನ್ಮಾರ್ಕಿನ ಸಂಶೋಧಕರು 27 ಎಳೆಯ ಗಂಡುಕುದುರೆಗಳಿಗೆ ಬಿಳಿ ನೈಲಾನ್ ಚೀಲ ತೋರಿಸಿ ಮಾಡಿ, 2006ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲೂ ಹೀಗೆ ಹಂತಹಂತವಾಗಿ ಒಗ್ಗಿಸುವ ಕ್ರಮವೇ ಮೇಲಾಯಿತು.

ಬೆಲ್ಲ, ಗಜ್ಜರಿ ತೋರಿಸಿ ಹತ್ತಿರ ಕರೆಯುವವರಿದ್ದಾರೆ. ಆಸೆಗೆ ಬಿದ್ದು ಕುದುರೆ ಮುಂದೆ ಬರುತ್ತದೆ, ತಿಂದು ತಲೆ ಎತ್ತಿದಾಗಲೇ ತಾನೆಲ್ಲಿದ್ದೇನೆಂದು ಕಾಣುವುದು. ಕೊಡುವುದಾದರೆ ಶಾಂತವಾಗಿ ನಿಂತ ಮೇಲೆ, ಒಂದೆರಡು ಸೆಕೆಂಡಿನೊಳಗೆ ಕೊಡಿ.

ಮೂರನೆಯದು, ಹಳೆಯ ಕುದುರೆಯ ಹಿಂದೆ ಬಿಡುವುದು. ಇದು ಶಿರಸಿಯ ದಾರಿ. ತೋಟದ ಕಾಲುದಾರಿಯಲ್ಲಿ ಒಂದು ಬದಿ ಕಾದಿಗೆ (ನೀರು ಹರಿಯುವ ಕಾಲುವೆ), ಇನ್ನೊಂದು ಬದಿ ಬೇಲಿ. ಹಿಂದೆ ಸರಿಯಲು ಜಾಗವೇ ಇಲ್ಲದಲ್ಲಿ ಎರಡನೆಯ ಕ್ರಮ ನಡೆಯುವುದಿಲ್ಲ. ಹಾಳೆ ಯಾವಾಗ ಬೀಳುತ್ತದೆಂದು ನಿಮಗೂ ಗೊತ್ತಿಲ್ಲವಲ್ಲ. ಮುಂದಿನ ಕುದುರೆ ಒಮ್ಮೆ ಕಿವಿ ತಿರುಗಿಸಿ ನಡೆದುಬಿಟ್ಟರೆ ಹಿಂದಿನದೂ ನಡೆಯುತ್ತದೆ. ನಡುವೆ ಒಂದೂವರೆ ಕುದುರೆಯುದ್ದ ಅಂತರ ಇರಲಿ, ಹತ್ತಿರವಾದರೆ ಒದೆ ಬೀಳುತ್ತದೆ. ಈ ಕ್ರಮದ ದೋಷ ಜೊತೆ ತಪ್ಪಿದ ದಿನ ಗೊತ್ತಾಗುತ್ತದೆ: ಒಂಟಿಯಾಗಿ ಹೊರಟ ಕುದುರೆ ಗೇಟು ದಾಟುವುದಿಲ್ಲ. ಆದ್ದರಿಂದ ಮೊದಲ ವಾರ ಹಿಂದೆ, ಆಮೇಲೆ ದಾರಿ ಅಗಲವಿದ್ದಲ್ಲಿ ಪಕ್ಕಕ್ಕೆ, ಆಮೇಲೆ ಮುಂದೆ, ಕೊನೆಗೆ ಒಂಟಿ. ಅಡಿಕೆ ಗೊನೆ ಕೊಯ್ಲಿನ ದಿನಗಳಲ್ಲಿ ಮರದ ಮೇಲಿರುವವರಿಗೆ ದೂರದಿಂದಲೇ ಕೂಗಿ ತಿಳಿಸಿ. ಅವರು ಮಾತಾಡುತ್ತಿದ್ದರೆ ಮೇಲೆ ಮನುಷ್ಯರಿದ್ದಾರೆಂದು ಕುದುರೆಗೆ ಗೊತ್ತಾಗುತ್ತದೆ. ಸುಮ್ಮನಿದ್ದು ತಟ್ಟನೆ ಅಲುಗಿದರೆ ಕಷ್ಟ.

ಬೆಚ್ಚಿದ ಕ್ಷಣದಲ್ಲಿ ಲಗಾಮು ಹೇಗೆ ಹಿಡಿಯಬೇಕು? ಎರಡನ್ನೂ ಬಿಗಿದು ಎಳೆದೇ ಇದ್ದರೆ ಕುದುರೆ ಕಡಿವಾಣದ ಮೇಲೆ ಭಾರ ಹಾಕಿ ಇನ್ನೂ ಜೋರಾಗಿ ಓಡುತ್ತದೆ, ಅದರ ಕತ್ತಿನ ಬಲದ ಮುಂದೆ ನಮ್ಮ ತೋಳು ಯಾವ ಲೆಕ್ಕ. ಒಂದೇ ಲಗಾಮನ್ನು ನಿಮ್ಮ ತೊಡೆಯ ಕಡೆಗೆ ತಂದು ತಲೆ ಬಾಗಿಸಿದರೆ ಹಿಂಗಾಲು ಅಡ್ಡ ಸರಿದು ವೇಗ ಮುರಿಯುತ್ತದೆ. ಆದರೆ ಇದು ನಡಿಗೆಯಲ್ಲಿ, ಸಣ್ಣ ಓಟದಲ್ಲಿ ಮಾತ್ರ. ನಾಗಾಲೋಟದಲ್ಲೋ ಘಟ್ಟದ ಇಳಿಜಾರಿನಲ್ಲೋ ಹೀಗೆ ಮಾಡಿದರೆ ಕಾಲಿಗೆ ಕಾಲು ತೊಡರಿ ಕುದುರೆ ಬೀಳುತ್ತದೆ. ಅಲ್ಲಿ ಹಿಂದಕ್ಕೆ ಒರಗಿ ಕೂತು, ಎಳೆ-ಬಿಡು, ಎಳೆ-ಬಿಡು. ಹೆಲ್ಮೆಟ್ ಯಾವಾಗಲೂ ತಲೆಮೇಲಿರಲಿ. ಟಾಂಗಾ ಕುದುರೆಯ ಕಣ್ಣುಪಟ್ಟಿ ಸವಾರಿಗೆ ಬೇಡ. ಹಿಂದಿನದು ಕಾಣದೆ, ಪಕ್ಕಕ್ಕೆ ಬಂದಾಗ ಒಮ್ಮೆಲೇ ಕಂಡು ಹೆದರಿಕೆ ಹೆಚ್ಚುತ್ತದೆ.

ಜಾಗದ ಮಟ್ಟಿಗೆ ಕಲಿಕೆಗೆ ಕಡಲತೀರವೇ ಮೇಲು: ಹಿಂದೆ ಸರಿಯಲು ಬೇಕಾದಷ್ಟು ಬಯಲು. ಇಳಿತದ ಹೊತ್ತಿಗೆ ಹೋಗಿ, ಒದ್ದೆಯಾಗಿ ಗಟ್ಟಿಯಾದ ಪಟ್ಟಿಯಲ್ಲಿ ನಡೆಸಿ. ಇಳಿತದ ಹೊತ್ತು ದಿನಕ್ಕೆ ಸುಮಾರು 50 ನಿಮಿಷ ಮುಂದೆ ಹೋಗುತ್ತದೆ, ನಿನ್ನೆಯ ಗಂಟೆ ಇಂದಿಗೆ ಹೊಂದುವುದಿಲ್ಲ. ಒಣ ಉಸುಕಿನಲ್ಲಿ ಓಡಿಸಿದರೆ ಕಾಲಿನ ನರ ಉಳುಕುತ್ತದೆ. ಕಾಳಿ ನದಿ ಕಡಲು ಸೇರುವ ಅಳಿವೆಯ ಹತ್ತಿರದ ಹೂಳಿಗೆ ಇಳಿಸಲೇಬೇಡಿ. ತೆರೆಗೆ ಹೆದರುವ ಕುದುರೆಯನ್ನು ತೆರೆ ಹಿಂದೆ ಸರಿಯುವಾಗ ಅದರ ಬೆನ್ನಿಗೆ ನಡೆಸಿ; ತಾನು ಬೆನ್ನಟ್ಟಿದ್ದು ಓಡುತ್ತಿದೆ ಎಂದು ಕಂಡರೆ ಕುದುರೆಗೆ ಧೈರ್ಯ ಬರುತ್ತದೆ.

ತಿಂದ ಕಾಳಿನ ಹುರುಪೂ ಬೆಚ್ಚಲು ಕಾರಣ, ಆದ್ದರಿಂದ ಕೆಲಸವಿಲ್ಲದ ದಿನ ಹುರುಳಿ ಕಡಿಮೆ ಮಾಡಿ, ಒಣಹುಲ್ಲು ಹೆಚ್ಚಿಸಿ.

ಮಳೆಗಾಲದಲ್ಲಿ ಕಡಲತೀರ ಕೈಬಿಟ್ಟು ಲಾಯದ ಅಂಗಳಕ್ಕೆ ಬನ್ನಿ. ಕಂಬಳಿ ಕೊಪ್ಪೆ ಹೊದ್ದವರನ್ನು ಕಂಡರೆ ಗುರುತಿನವರಿಗೂ ಕುದುರೆ ಬೆಚ್ಚುತ್ತದೆ, ಯಾಕೆಂದರೆ ಮನುಷ್ಯನ ಆಕಾರವೇ ಬದಲಾಗಿರುತ್ತದೆ. ಕೊಪ್ಪೆಯನ್ನು ಮೊದಲು ಕೈಯಲ್ಲಿ ಹಿಡಿದು ಮೂಸಲು ಕೊಡಿ, ಭುಜಕ್ಕೆ ಉಜ್ಜಿ ತೆಗೆಯಿರಿ, ಆಮೇಲೆ ಅದರ ಕಣ್ಣೆದುರೇ ಹೊದ್ದುಕೊಳ್ಳಿ. ಕೊಡೆಗೂ ಇದೇ ಕ್ರಮ: ಮುಚ್ಚಿದ್ದು, ಅರ್ಧ ಬಿಚ್ಚಿದ್ದು, ಪೂರ್ತಿ ಬಿಚ್ಚಿದ್ದು, ಮತ್ತು ಕೊನೆಗೆ, ಹತ್ತು ಮೀಟರ್ ಆಚೆ ನಿಂತು, ಟಪ್ಪೆಂದು ಬಿಚ್ಚುವುದು.